ಹುಲ್ಲಿನ ಹೆಸರು ಗೊತ್ತಾದರೆ ಸಾಲದು, ಅದು ಬೆಳೆದ ಜಾಗವೂ ಗೊತ್ತಾಗಬೇಕು

ಮೇವಿನ ಹುಲ್ಲನ್ನು ಪರೀಕ್ಷೆಗೆ ತರುವವರು ಮೊದಲು ಕೇಳುವುದು ಒಂದೇ: "ಸಾರ್, ಈ ಹುಲ್ಲಲ್ಲಿ ಏನೇನಿದೆ?" ನಾನು ತಿರುಗಿ ಕೇಳುತ್ತೇನೆ. ಎಲ್ಲಿ ಬೆಳೆದದ್ದು? ಗದ್ದೆ ಬದಿಯದ್ದಾ, ಬಾಣೆಯದ್ದಾ (ಗದ್ದೆಗೆ ಮೇಲಿನ ಹುಲ್ಲು-ಮರದ ಎತ್ತರದ ಜಾಗ)? ಎಷ್ಟು ದಿನದ ಹುಲ್ಲು? ಕೊಯ್ಯುವ ಮುಂಚೆ ಮಳೆ ಹಿಡಿದಿತ್ತಾ? ಕೆಲವರಿಗೆ ಇದು ಸುಮ್ನೆ ಕಾಲಹರಣ ಅನಿಸುತ್ತದೆ. ಆದರೆ ಒಂದೇ ಜಾತಿಯ ಹುಲ್ಲು ನಾಪೋಕ್ಲಿನಲ್ಲಿ ಒಂದು ಥರ, ಕುಶಾಲನಗರದಲ್ಲಿ ಇನ್ನೊಂದು ಥರ ಇರುತ್ತದೆ. ನೋಡಲು ಎರಡೂ ಒಂದೇ, ಒಳಗಿರುವುದು ಬೇರೆ.

ಇದನ್ನು ನಮ್ಮ ಕೊಡಗು ಜಿಲ್ಲೆಯಲ್ಲೇ ತೋರಿಸುವುದು ಕಷ್ಟ. ಇಲ್ಲಿ ಮಣ್ಣು, ಮಳೆ, ಎತ್ತರ, ಗೊಬ್ಬರ ಎಲ್ಲ ಒಟ್ಟಿಗೇ ಬದಲಾಗುತ್ತವೆ, ಯಾವುದರಿಂದ ಏನಾಯಿತು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಜ್ವಾಲಾಮುಖಿ ದ್ವೀಪಗಳನ್ನು ನೋಡಬೇಕು. ಅಲ್ಲಿ ಕಲ್ಲು ಹೆಚ್ಚುಕಡಿಮೆ ಒಂದೇ, ಲಾವಾ ಆರಿ ಆದ ಕಪ್ಪು ಬಸಾಲ್ಟ್. ಹವಾಯಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ದ್ವೀಪಗಳು ಸಮುದ್ರದಡಿಯಿಂದ ಒಂದಾದ ಮೇಲೊಂದು ಎದ್ದವು. ದೊಡ್ಡ ದ್ವೀಪದಲ್ಲಿ ಕೆಲವೇ ನೂರು ವರ್ಷದ ಮಣ್ಣಿದೆ. ಕವಾಯಿ ದ್ವೀಪದಲ್ಲಿ 40 ಲಕ್ಷ ವರ್ಷ ದಾಟಿದ ಮಣ್ಣಿದೆ. ಕಲ್ಲು ಅದೇ, ವಯಸ್ಸು ಮಾತ್ರ ಬೇರೆ.

ಹೊಸ ಲಾವಾ ಮಣ್ಣಿನಲ್ಲಿ ಸಾರಜನಕ ಇಲ್ಲ ಅನ್ನುವಷ್ಟು ಕಡಿಮೆ, ಏಕೆಂದರೆ ಅದು ಕಲ್ಲಿನಿಂದ ಬರುವಂಥದ್ದಲ್ಲ, ಗಾಳಿಯಿಂದ ನಿಧಾನವಾಗಿ ಸೇರಬೇಕು. ರಂಜಕ ಹಾಗಲ್ಲ. ಅದು ಕಲ್ಲಿನಲ್ಲೇ ಇರುತ್ತದೆ, ಮೊದಮೊದಲು ಗಿಡಕ್ಕೆ ಸಿಗುತ್ತದೆ, ಲಕ್ಷಾಂತರ ವರ್ಷ ಮಳೆ ಬಿದ್ದ ಮೇಲೆ ಒಂದಿಷ್ಟು ತೊಳೆದುಹೋಗಿ, ಉಳಿದದ್ದನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ಎಳೆ ಮಣ್ಣಿನ ಗಿಡಕ್ಕೆ ಸಾರಜನಕದ ಹಸಿವು, ಮುದಿ ಮಣ್ಣಿನ ಗಿಡಕ್ಕೆ ರಂಜಕದ ಹಸಿವು. ಕವಾಯಿಯಲ್ಲಿ ಗಿಡಗಳಿಗೆ ಸಿಗುವ ರಂಜಕದ ಒಂದು ಪಾಲು ಏಷ್ಯಾದಿಂದ ಸಮುದ್ರ ದಾಟಿ ಗಾಳಿಯಲ್ಲಿ ಬರುವ ಧೂಳಿನದ್ದು ಎಂದು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ನಮ್ಮ ಕೊಡಗಿನ ಮಣ್ಣು ಈ ಮುದಿ ಮಣ್ಣಿನ ಕಡೆಯದ್ದು. ಕಲ್ಲು ಬೇರೆಯೇ, ಆದರೆ ಅಷ್ಟೇ ತೊಳೆದುಹೋದ ಕೆಂಪು, ಹುಳಿ ಮಣ್ಣು. ಸೂಪರ್ ಫಾಸ್ಫೇಟ್ ಹಾಕಿದರೂ ಎಲೆಯಲ್ಲಿ ರಂಜಕ ಏರಲಿಲ್ಲ ಎಂದು ಬೆಳೆಗಾರರು ಬೇಜಾರು ಮಾಡಿಕೊಂಡಾಗ ನಾನು ಈ ಕತೆಯನ್ನೇ ಹೇಳುವುದು.

ಇನ್ನು ಮಳೆ. ಹವಾಯಿಯ ಕೊಹಾಲ ಬೆಟ್ಟ ನನಗೆ ತುಂಬ ಇಷ್ಟದ ಉದಾಹರಣೆ. ದಡದ ಕಡೆ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ, ಮೇಲೆ ಹೋದರೆ 3,000ಕ್ಕೂ ಜಾಸ್ತಿ, ಅದೂ ಕೆಲವೇ ಕಿಲೋಮೀಟರ್ ಅಂತರದಲ್ಲಿ. ಮಳೆ ಸ್ವಲ್ಪ ಸ್ವಲ್ಪ ಜಾಸ್ತಿಯಾದ ಹಾಗೆ ಮಣ್ಣಿನ ಸತ್ವವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಹಾಗಾಗಿಲ್ಲ. ಸುಮಾರು 1,400 ಮಿಲಿಮೀಟರ್‌ವರೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತಕ್ಕಮಟ್ಟಿಗೆ ಉಳಿದಿವೆ, ಅದು ದಾಟಿದರೆ ಒಮ್ಮೆಲೇ ಕುಸಿಯುತ್ತವೆ. ಹಳೆಯ ಹವಾಯಿ ಜನ ಸಿಹಿಗೆಣಸು ಬೆಳೆದ ಹೊಲಗಳೂ ಸರಿಸುಮಾರು ಆ ಗಡಿಯವರೆಗೇ ಇದ್ದವು. ಪರೀಕ್ಷೆ, ರಿಪೋರ್ಟು ಏನೂ ಇಲ್ಲದೆ ಅವರು ಅದನ್ನು ಕಂಡುಕೊಂಡಿದ್ದರು. ಇದನ್ನು ಮೊದಲು ಓದಿದಾಗ ನನಗೆ ಆ ಜನರ ಮೇಲೆ ಬಹಳ ಗೌರವ ಬಂತು.

ಈಗ ನಮ್ಮಲ್ಲಿಗೆ ಬನ್ನಿ. ಭಾಗಮಂಡಲದ ಕಡೆ 5,000 ಮಿಲಿಮೀಟರ್ ದಾಟುವ ವರ್ಷಗಳಿವೆ, ಕುಶಾಲನಗರದ ಕಡೆ ಸುಮಾರು 1,000. ಪಶ್ಚಿಮದ ಬಾಣೆಯಲ್ಲಿ ಮೇಯುವ ಹಸು ಹೊಟ್ಟೆ ತುಂಬ ತಿಂದರೂ ಅದಕ್ಕೆ ಸಿಗುವ ಕ್ಯಾಲ್ಸಿಯಂ, ರಂಜಕ ಕಡಿಮೆಯೇ. ಅಂಥ ಕಡೆ ಖನಿಜ ಮಿಶ್ರಣ ಕೊಡಲೇಬೇಕು. ಕಾಫಿಗೆ ಸುಣ್ಣ ಹಾಕುವವರು ಮೇವಿನ ಜಾಗವನ್ನು ಮರೆತೇಬಿಡುತ್ತಾರೆ, ಅಲ್ಲಿಗೂ ಹಾಕಿ ಎಂದು ನಾನು ಹೇಳುತ್ತಲೇ ಇರುತ್ತೇನೆ.

ಎತ್ತರದ್ದೂ ಪಾತ್ರ ಇದೆ. ಹವಾಯಿಯ ತಗ್ಗಿನಲ್ಲಿ ಬಿಸಿಲು ತಡೆಯುವ ಜಾತಿಯ ಹುಲ್ಲುಗಳು, ಎತ್ತರದ ತಂಪಿನಲ್ಲಿ ಬೇರೆ ಗುಂಪಿನವು. ತಂಪಿನ ಗುಂಪಿನಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಜಾಸ್ತಿ, ನಾರು ಕಡಿಮೆ.

ಸಿಲಿಕಾದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಹುಲ್ಲಿನ ಅಂಚು ಕೈ ಕೊಯ್ಯುತ್ತದಲ್ಲ, ಅದರಲ್ಲಿ ಸಿಲಿಕಾದ ಪಾತ್ರ ದೊಡ್ಡದು. ಬೇರು ಅದನ್ನು ನೀರಿನ ಜೊತೆ ಹೀರಿ ಎಲೆಗೆ ಕಳಿಸುತ್ತದೆ, ಅಲ್ಲಿ ಅದು ಸಣ್ಣ ಸಣ್ಣ ಗಾಜಿನಂಥ ಹರಳಾಗಿ ಕೂರುತ್ತದೆ. ಎಲೆ ನೆಟ್ಟಗೆ ನಿಲ್ಲಲು, ಹುಳ ಕಚ್ಚದಂತೆ ತಡೆಯಲು ಅದು ಬೇಕು. ಹೊಸ ಜ್ವಾಲಾಮುಖಿ ಬೂದಿಯಲ್ಲಿ ಬೇಗ ಕರಗುವ ಸಿಲಿಕಾ ಧಾರಾಳ. ಹಳೆಯ ಮಣ್ಣಿನಲ್ಲಿ ಅದು ತೊಳೆದುಹೋಗಿರುತ್ತದೆ. ಆಗ ಗಿಡಗಳೇ ಇರುವುದನ್ನು ಮತ್ತೆ ಮತ್ತೆ ಬಳಸುತ್ತವೆ: ಎಲೆ ಬೀಳುತ್ತದೆ, ಕೊಳೆಯುತ್ತದೆ, ಹರಳು ಕರಗುತ್ತದೆ, ಬೇರು ಹೀರುತ್ತದೆ. ಹವಾಯಿಯ ತೊರೆಗಳಲ್ಲಿ ಹರಿಯುವ ಸಿಲಿಕಾದ ಬಹುಪಾಲು ನೇರ ಕಲ್ಲಿನಿಂದ ಬಂದದ್ದಲ್ಲ, ಒಮ್ಮೆಯಾದರೂ ಗಿಡದೊಳಗೆ ಹೋಗಿ ಬಂದದ್ದು.

ಭತ್ತವೂ ಹುಲ್ಲೇ. ಅದು ಒಣ ತೂಕದ ಶೇಕಡ 10ರವರೆಗೂ ಸಿಲಿಕಾ ತುಂಬಿಕೊಳ್ಳಬಲ್ಲದು, ಸಿಗದಿದ್ದರೆ ಬೆಂಕಿ ರೋಗಕ್ಕೆ ಬೇಗ ಬಲಿಯಾಗುತ್ತದೆ. ವರ್ಷಾವರ್ಷ ಹುಲ್ಲನ್ನೆಲ್ಲ ಗದ್ದೆಯಿಂದ ಹೊರಗೆ ಸಾಗಿಸಿ, ಪ್ರತಿಯಾಗಿ ಏನೂ ವಾಪಸ್ ಹಾಕದಿದ್ದರೆ ಆ ಸುತ್ತು ಅಲ್ಲಿಗೇ ಕಡಿಯುತ್ತದೆ. ಹುಲ್ಲು ತಿಂದ ಹಸುವಿನ ಗೊಬ್ಬರ, ಭತ್ತದ ಹೊಟ್ಟಿನ ಬೂದಿ, ಯಾವುದಾದರೂ ಗದ್ದೆಗೆ ಮರಳಲಿ.

ಕೆಲವೊಮ್ಮೆ ಸತ್ವ ಸಮುದ್ರದ ಕಡೆಯಿಂದ ಬರುತ್ತದೆ. ಐಸ್‌ಲ್ಯಾಂಡಿನ ಹತ್ತಿರ 1963ರಲ್ಲಿ ಸಮುದ್ರದೊಳಗಿಂದ ಎದ್ದ ಸುರ್ಟ್ಸಿ ದ್ವೀಪದಲ್ಲಿ ಹಸಿರು ಬಹಳ ಕಾಲ ಅಲ್ಲೊಂದು ಇಲ್ಲೊಂದು ಇತ್ತು. 1980ರ ದಶಕದಲ್ಲಿ ಕಡಲ ಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದ ಮೇಲೆ ಅಲ್ಲಿ ಮಾತ್ರ ದಟ್ಟ ಹುಲ್ಲು ಬಂತು. ಹಿಕ್ಕೆಯ ಮೂಲಕ ಮೀನಿನ ಸಾರಜನಕ ಹುಲ್ಲಿಗೆ ಸೇರಿತ್ತು.

ಅದೇ ಐಸ್‌ಲ್ಯಾಂಡಿನಲ್ಲಿ ಘೋರವಾದದ್ದೂ ನಡೆದಿದೆ. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ತಿಂಗಳುಗಟ್ಟಲೆ ಲಾವಾ, ವಿಷಗಾಳಿ ಬಂತು. ಫ್ಲೋರೈಡ್ ಹೊತ್ತ ಬೂದಿ ಹುಲ್ಲಿನ ಮೇಲೆ ಕೂತಿತು. ಅದನ್ನು ಮೇಯ್ದು, ಮೇವೂ ಹಾಳಾಗಿ, ದೇಶದ ಕುರಿಗಳಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಸತ್ತವು. ಆಮೇಲೆ ಬರಗಾಲ, ಜನರಲ್ಲೂ ಐದರಲ್ಲೊಬ್ಬರು ಹೋದರು. ಮಣ್ಣಿನಿಂದ ಹೀರಿದ್ದಷ್ಟೇ ಹುಲ್ಲಿನ ಲೆಕ್ಕವಲ್ಲ, ಎಲೆಯ ಮೇಲೆ ಕೂತದ್ದೂ ದನದ ಹೊಟ್ಟೆಗೆ ಹೋಗುತ್ತದೆ. ನಮ್ಮಲ್ಲಿ ರಸ್ತೆ ಬದಿಯ ಹುಲ್ಲಿನಲ್ಲಿ ಕಬ್ಬಿಣ ವಿಪರೀತ ತೋರಿಸುವುದು ಮೇಲಿನ ಕೆಂಪು ಧೂಳಿನಿಂದ.

ಕಾಲವೂ ಮುಖ್ಯ. ಇದು ನಮ್ಮವರಿಗೆ ಹೊಸದಲ್ಲ. ಮದ್ದುಸೊಪ್ಪು ಎಂಬ ಔಷಧಿ ಗಿಡದ ಸೊಪ್ಪನ್ನು ಕಕ್ಕಡ ತಿಂಗಳ (ಜುಲೈ-ಆಗಸ್ಟಿನ ಮಳೆಗಾಲ) ಹದಿನೆಂಟನೇ ದಿನವೇ ತಿನ್ನಬೇಕು, ಅವತ್ತು ಅದರಲ್ಲಿ ಮದ್ದು ತುಂಬಿರುತ್ತದೆ ಎಂದು ನಂಬಿಕೊಂಡು ಬಂದವರು ನಾವು. ಹುಲ್ಲಿಗೂ ಕಾಲ ನೋಡಬೇಕು. ಜೋರು ಮಳೆಯಲ್ಲಿ ಕೊಯ್ದ ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆಯ ಅಂಶ ಕಡಿಮೆ. ಮೇವಿಗೆ ಬೆಳೆಯುವ ನೇಪಿಯರ್ ಹುಲ್ಲು ತೀರಾ ಎಳಸಿದ್ದಾಗ, ಅದರಲ್ಲೂ ಯೂರಿಯಾ, ಪೊಟ್ಯಾಷ್ ಜಾಸ್ತಿ ಸುರಿದಿದ್ದರೆ, ಆಕ್ಸಲೇಟ್ ಏರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹಾಲು ಕೊಡುವ ಹಸುವಿಗೆ ಅದೇ ಕಂಟಕ. ಹೊಸದಾಗಿ ಚಿಗುರಿದ್ದನ್ನು ಒಂದೂವರೆ ತಿಂಗಳಾದರೂ ಬಿಟ್ಟು ಕೊಯ್ಯಿರಿ, ಒಣ ಹುಲ್ಲಿನ ಜೊತೆ ಬೆರೆಸಿ ಕೊಡಿ.

ಮುಂದಿನ ಸಲ ಸ್ಯಾಂಪಲ್ ತರುವಾಗ ಚೀಟಿಯಲ್ಲಿ ಊರು, ಜಾಗ ಇಳಿಜಾರಾ ಸಮತಟ್ಟಾ, ಹಿಂದಿನ ಕೊಯ್ಲಾಗಿ ಎಷ್ಟು ದಿನ, ಕೊನೆಯ ಸಲ ಯಾವ ಗೊಬ್ಬರ ಹಾಕಿದ್ದು, ಇಷ್ಟು ಬರೆಯಿರಿ. ಹುಲ್ಲನ್ನು ತೊಳೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸಲು ಬರುತ್ತದೆ, ಕಾಗದದ ಚೀಲದಲ್ಲಿ ತನ್ನಿ. ತೊಳೆದು ಒಂದು, ತೊಳೆಯದೆ ಒಂದು, ಎರಡನ್ನೂ ನಾವೇ ಪರೀಕ್ಷೆ ಮಾಡುತ್ತೇವೆ.