ಗ್ರೂಡನ್ ಬರ್ತಾರಂತೆ! ಟೆನೆಸಿ ತಂಡದ ಕೋಚ್ ಹುಡುಕಾಟದ ಕತೆ

ಅಮೆರಿಕದ ನಾಕ್ಸ್‌ವಿಲ್ ಊರಿನಲ್ಲಿ ಟೆನೆಸಿ ವಿಶ್ವವಿದ್ಯಾಲಯ ಇದೆ. ಅದರ ಆವರಣದಲ್ಲಿ ಒಂದು ದೊಡ್ಡ ಬಂಡೆ. ಎಲ್ಲರೂ ಅದನ್ನು ‘ದ ರಾಕ್’ ಅಂತಲೇ ಕರೆಯುತ್ತಾರೆ. ಯಾರು ಬೇಕಾದರೂ ಹೋಗಿ ಅದರ ಮೇಲೆ ಬಣ್ಣದಲ್ಲಿ ಏನು ಬೇಕಾದರೂ ಬರೆಯಬಹುದು. ಹುಟ್ಟುಹಬ್ಬದ ಹಾರೈಕೆ, ಸಂಘದ ಕಾರ್ಯಕ್ರಮ, ಹುಡುಗ ಹುಡುಗಿಗೆ ಹೇಳಿಕೊಳ್ಳುವ ಮಾತು, ಎಲ್ಲವೂ ಅಲ್ಲಿ ಬರುತ್ತವೆ. ಮಾರನೇ ದಿನ ಅದರ ಮೇಲೆ ಇನ್ನೊಂದು ಪದರ ಬಣ್ಣ.

2017ರ ನವೆಂಬರ್ 26ರ ಭಾನುವಾರ ಆ ಬಂಡೆಯ ಮೇಲೆ ಬಿದ್ದದ್ದು ಒಬ್ಬ ಮನುಷ್ಯನ ಹೆಸರು, ಜೊತೆಗೊಂದು ಭಯಂಕರ ಆರೋಪ. ಹೆಸರು ಗ್ರೆಗ್ ಶಿಯಾನೊ. ಅವರು ಟೆನೆಸಿ ಫುಟ್‌ಬಾಲ್ ತಂಡದ ಹೊಸ ಹೆಡ್ ಕೋಚ್ ಆಗುತ್ತಾರೆ ಅನ್ನೋ ಸುದ್ದಿ ಬಂದು ಕೆಲವೇ ಗಂಟೆ ಆಗಿತ್ತು. ಪ್ರಾಥಮಿಕ ಒಪ್ಪಂದಕ್ಕೆ ಸಹಿಯೂ ಬಿದ್ದಿತ್ತು. ವಿದ್ಯಾರ್ಥಿಗಳು ಬೀದಿಗೆ ಬಂದರು. ರಾಜ್ಯದ ಶಾಸಕರು ಟ್ವೀಟ್ ಮಾಡಿದರು. ರಾತ್ರಿಯಾಗುವಷ್ಟರಲ್ಲಿ ಒಪ್ಪಂದ ಮುರಿದುಬಿತ್ತು. ಕೋಚ್ ಕೆಲಸ ಶುರು ಮಾಡಿ ಸೋತು ಮನೆಗೆ ಹೋಗೋದು ಹೊಸದಲ್ಲ. ಶುರುವೇ ಮಾಡದೆ ಹೋದದ್ದು ಮಾತ್ರ ಹೊಸದು.

ಇದು ಒಂದು ದಿನದ ಹುಚ್ಚು ಅನ್ನಿಸಬಹುದು. ಅಲ್ಲ. ಇದರ ಹಿಂದೆ 9 ವರ್ಷದ ಸಂಕಟ ಇತ್ತು.

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಕಾಲ್ಚೆಂಡಿನ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ನೋಡುವವರು? ಟೆನೆಸಿಯ ನೇಲ್ಯಾಂಡ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಪಕ್ಕದಲ್ಲೇ ಟೆನೆಸಿ ನದಿ. ಪಂದ್ಯದ ದಿನ ಜನ ದೋಣಿಗಳಲ್ಲಿ ಬಂದು ದಡದಲ್ಲಿ ಲಂಗರು ಹಾಕುತ್ತಾರೆ. ಆ ದೋಣಿಗಳಿಗೆ ‘ವಾಲಂಟಿಯರ್ ನೇವಿ’ ಅಂತ ಹೆಸರೂ ಇದೆ. ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ.

ಕೋಚ್ ಯಾರು ಅನ್ನೋದು ಇಲ್ಲಿ ಯಾಕಿಷ್ಟು ದೊಡ್ಡ ವಿಷಯ ಅಂದರೆ, ಆಟಗಾರರನ್ನು ತರುವವನೂ ಅವನೇ. ಕಾಲೇಜು ಆಟದಲ್ಲಿ ಹರಾಜಿಲ್ಲ, ಸರದಿಯಂತೆ ಹಂಚುವುದೂ ಇಲ್ಲ. ಕೋಚ್ ಹದಿನೇಳು ವರ್ಷದ ಹುಡುಗನ ಮನೆಗೇ ಹೋಗಬೇಕು. ಅಡುಗೆಮನೆಯಲ್ಲಿ ಕೂತು ಅವನ ಅಮ್ಮನನ್ನು ಒಪ್ಪಿಸಬೇಕು. ಕೋಚ್ ಹೋದ ಅಂದರೆ ಒಪ್ಪಿದ್ದ ಹುಡುಗರೂ ಬೇರೆ ಕಡೆ ನೋಡುತ್ತಾರೆ. ಹಾಗಾಗಿ ಒಂದು ತಪ್ಪು ಆಯ್ಕೆಯ ಪೆಟ್ಟು ನಾಲ್ಕೈದು ವರ್ಷ ಬಿಡುವುದಿಲ್ಲ.

ಕತೆ ಶುರುವಾಗೋದು ಫಿಲ್ ಫುಲ್ಮರ್ ಅವರಿಂದ. ಟೆನೆಸಿಯಲ್ಲೇ ಆಡಿದವರು, ಅಲ್ಲೇ ಸಹಾಯಕ ಕೋಚ್ ಆಗಿದ್ದವರು, 1992ರ ಕೊನೆಯಲ್ಲಿ ಹೆಡ್ ಕೋಚ್ ಆದರು. 1998ರಲ್ಲಿ ತಂಡ 13ಕ್ಕೆ 13 ಪಂದ್ಯ ಗೆದ್ದು ರಾಷ್ಟ್ರ ಚಾಂಪಿಯನ್ ಆಯ್ತು. ಒಟ್ಟು ಲೆಕ್ಕ 152 ಗೆಲುವು, 52 ಸೋಲು. ಆಮೇಲೆ ಇಳಿಮುಖ. 2005ರಲ್ಲಿ ಗೆಲುವಿಗಿಂತ ಸೋಲು ಜಾಸ್ತಿ. 2007ರಲ್ಲಿ ಚೇತರಿಕೆ. 2008ರಲ್ಲಿ ಮತ್ತೆ ಕುಸಿತ. ಆ ವರ್ಷ ನವೆಂಬರ್ 3ರಂದು ಅವರ ನಿರ್ಗಮನದ ಘೋಷಣೆ ಆಯ್ತು. ಕೂಡಲೇ ಅಲ್ಲ, ಸೀಸನ್ ಮುಗಿಸಿ ಹೋಗುವುದು ಅಂತ. ಐದೇ ದಿನಕ್ಕೆ ಅದೇ ತಂಡ ಸ್ವಂತ ಅಂಗಳದಲ್ಲಿ ವಯೋಮಿಂಗ್ ಕೈಲಿ ಸೋತಿತು. ಮನಸ್ಸು ಮುರಿದ ಮನೆ ಹಾಗೇ ಇರುತ್ತೆ ಅಲ್ವಾ. ಫುಲ್ಮರ್‌ಗೆ ಒಪ್ಪಂದದ ಪ್ರಕಾರ ಕೊಟ್ಟದ್ದು 60 ಲಕ್ಷ ಡಾಲರ್.

ಇಲ್ಲಿಂದ ಮುಂದೆ ನನಗೆ ಕಾಣೋದು ಒಂದೇ ಚಾಳಿ. ಪ್ರತಿ ಸಲವೂ ಹಿಂದಿನವನಲ್ಲಿ ಏನು ಕೊರತೆ ಇತ್ತೋ ಅದನ್ನೇ ನೋಡಿ ಮುಂದಿನವನನ್ನು ತಂದರು. ಸಂಬಂಧ ಮುರಿದ ಮನೆಯವರು ಹುಡುಗ ಹುಡುಕುವ ಹಾಗೆ. ಹಳೇ ಅಳಿಯ ಕುಡೀತಿದ್ದ ಅಂದರೆ, ಹೊಸಬ ಕುಡಿಯಲ್ವಾ ಅಂತಷ್ಟೇ ಕೇಳೋದು. ಬೇರೇನೂ ವಿಚಾರಿಸೋದಿಲ್ಲ.

ಫುಲ್ಮರ್ ಹಳಬರಾದರು, ಹುರುಪಿಲ್ಲ ಅನ್ನಿಸಿತು. ಸರಿ, 33 ವರ್ಷದ ಲೇನ್ ಕಿಫಿನ್ ಬಂದರು. ಬಾಯಿ ದೊಡ್ಡದು, ವೇಗ ಜಾಸ್ತಿ. ಬಂದ ಮೊದಲ ವರ್ಷವೇ ಎದುರಾಳಿ ಕೋಚ್‌ಗಳನ್ನು ಕೆಣಕಿದರು. 7 ಗೆಲುವು, 6 ಸೋಲು. ಜನರಿಗೆ ಇಷ್ಟವಾಯ್ತು. 2010ರ ಜನವರಿ 12ರ ರಾತ್ರಿ ಅವರು ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡಕ್ಕೆ ಹೊರಟೇಬಿಟ್ಟರು. ಪತ್ರಿಕಾಗೋಷ್ಠಿ ಮುಗಿದದ್ದು ಸುಮಾರು ಒಂದು ನಿಮಿಷದಲ್ಲಿ. ಹೊರಗೆ ಹುಡುಗರು ಹಾಸಿಗೆಗೆ ಬೆಂಕಿ ಹಚ್ಚಿದರು. ಊರಿನ ಒಬ್ಬರಂತೂ ಚರಂಡಿ ನೀರು ಶುದ್ಧೀಕರಿಸುವ ಘಟಕಕ್ಕೆ ಕಿಫಿನ್ ಹೆಸರಿಡಬೇಕು ಅಂತ ನಗರಸಭೆಗೆ ಅರ್ಜಿ ಹಾಕಿದರು. ಆ ಸಿಟ್ಟು ಆರಿತು ಅಂದುಕೊಂಡರೆ ಆರಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಕಿಫಿನ್ ಓಲ್ ಮಿಸ್ ತಂಡದ ಕೋಚ್ ಆಗಿ ನೇಲ್ಯಾಂಡ್‌ಗೆ ಬಂದರು. ಗ್ಯಾಲರಿಯಿಂದ ನೀರಿನ ಬಾಟಲಿ ಬಿತ್ತು, ಗಾಲ್ಫ್ ಚೆಂಡು ಬಿತ್ತು, ಕೊನೆಗೆ ಸಾಸಿವೆ ಸಾಸಿನ ಡಬ್ಬಿಯೂ ಬಿತ್ತು. ಆಟ ಸುಮಾರು 20 ನಿಮಿಷ ನಿಂತಿತು. ಫುಟ್‌ಬಾಲ್ ನೋಡೋಕೆ ಸಾಸಿವೆ ಡಬ್ಬಿ ಯಾಕೆ ತಂದಿದ್ದರೋ, ಆ ಪುಣ್ಯಾತ್ಮರೇ ಹೇಳಬೇಕು.

ಕಿಫಿನ್ ಓಡಿಹೋದರು, ಹಾಗಾಗಿ ಈಗ ಓಡಿಹೋಗದವರು ಬೇಕು. ಜನವರಿ ಮಧ್ಯದಲ್ಲಿ ಯಾರು ಸಿಗುತ್ತಾರೆ? ಮೂರೇ ದಿನದಲ್ಲಿ ಡೆರೆಕ್ ಡೂಲಿ ಸಿಕ್ಕರು. ಜಾರ್ಜಿಯಾದ ಹೆಸರಾಂತ ಕೋಚ್ ವಿನ್ಸ್ ಡೂಲಿ ಅವರ ಮಗ. ಓದಿದ್ದು ವಕೀಲಿಕೆ. ಹಿಂದಿನ ಕೆಲಸದಲ್ಲಿ ಅವರ ಲೆಕ್ಕ 17 ಗೆಲುವು, 20 ಸೋಲು. ಒಳ್ಳೆ ಮನೆತನ, ಗಂಭೀರ ಮಾತು, ಸೋಲು ಮಾತ್ರ ತಪ್ಪಲಿಲ್ಲ. 2010ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ತಂಡದ ವಿರುದ್ಧ ಕೊನೇ ಕ್ಷಣದಲ್ಲಿ ಗೆದ್ದೆವು ಅಂತ ಟೆನೆಸಿ ಹುಡುಗರು ಕುಣಿದರು. ನೋಡಿದರೆ ಮೈದಾನದಲ್ಲಿ 11 ಜನರ ಬದಲು 13 ಜನ ಇದ್ದರು! ಎಲ್‌ಎಸ್‌ಯುಗೆ ಇನ್ನೊಂದು ಅವಕಾಶ ಸಿಕ್ಕಿತು, ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ಕೆಂಟಕಿ ಎದುರು ಸೋಲು. ಆ ತಂಡದ ವಿರುದ್ಧ ಸತತ 26 ವರ್ಷ ಗೆದ್ದುಕೊಂಡು ಬಂದಿದ್ದರು. ಅವತ್ತು ಕೆಂಟಕಿಗೆ ಚೆಂಡು ಎಸೆದು ದಾಳಿ ನಡೆಸುವ ಸರಿಯಾದ ಕ್ವಾರ್ಟರ್‌ಬ್ಯಾಕ್ ಕೂಡ ಇರಲಿಲ್ಲ, ಬೇರೆ ಜಾಗದ ಆಟಗಾರನನ್ನು ನಿಲ್ಲಿಸಿದ್ದರು. 2012ರ ನವೆಂಬರ್‌ನಲ್ಲಿ ಡೂಲಿ ಮನೆಗೆ, ಜೊತೆಗೆ 50 ಲಕ್ಷ ಡಾಲರ್.

ಈ ಹೊತ್ತಿಗೆ ಒಂದು ಹೆಸರು ಊರಿಡೀ ಓಡಾಡತೊಡಗಿತ್ತು. ಜಾನ್ ಗ್ರೂಡನ್. ಟ್ಯಾಂಪಾ ಬೇ ತಂಡಕ್ಕೆ ಸೂಪರ್ ಬೌಲ್, ಅಂದರೆ ವೃತ್ತಿಪರ ಆಟದ ಫೈನಲ್, ಗೆದ್ದುಕೊಟ್ಟವರು, ಆಗ ಟಿವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದರು. 1980ರ ದಶಕದಲ್ಲಿ ಟೆನೆಸಿಯಲ್ಲೇ ಕಿರಿಯ ಸಹಾಯಕ ಆಗಿದ್ದರು. ಹೆಂಡತಿ ಅಲ್ಲೇ ಓದಿದವರು, ಚಿಯರ್‌ಲೀಡರ್ ಆಗಿದ್ದವರು. ಅಭಿಮಾನಿಗಳಿಗೆ ಇಷ್ಟು ಸಾಕು. ಊರಿನ ಅಳಿಯ, ಕರೆದರೆ ಬರದೇ ಇರ್ತಾರಾ? ಎಲ್ಲೋ ಊಟ ಮಾಡ್ತಿದ್ದರಂತೆ, ಮನೆ ನೋಡ್ತಿದ್ದಾರಂತೆ, ವಿಮಾನ ಇಳಿಯಿತಂತೆ. ಈ ಗಾಳಿಸುದ್ದಿಗಳಿಗೆ, ಗ್ರೂಡನ್ ಜೊತೆ ‘ರೂಮರ್ಸ್’ ಸೇರಿಸಿ, ‘ಗ್ರೂಮರ್ಸ್’ ಅಂತ ಹೆಸರೇ ಬಿತ್ತು. ಗ್ರೂಡನ್ 2012ರಲ್ಲೂ ಬರಲಿಲ್ಲ, 2017ರಲ್ಲೂ ಬರಲಿಲ್ಲ. 2018ರ ಜನವರಿಯಲ್ಲಿ ಸೀದಾ ವೃತ್ತಿಪರ ತಂಡ ರೇಡರ್ಸ್‌ಗೆ ಹೋದರು, 10 ವರ್ಷದ ಒಪ್ಪಂದ. ಟೆನೆಸಿಗೆ ಅವರು ಕೊಟ್ಟು ಹೋದದ್ದು ಒಂದು ಅಳತೆಗೋಲು. ಬಂದವರೆಲ್ಲ ‘ಗ್ರೂಡನ್ ಅಲ್ಲದವರು’ ಆದರು.

2012ರಲ್ಲಿ ಹಾಗೆ ಬಂದವರು ಬುಚ್ ಜೋನ್ಸ್. ಲೂಯಿವಿಲ್‌ನ ಚಾರ್ಲಿ ಸ್ಟ್ರಾಂಗ್ ಬೇಡ ಅಂದ ಮೇಲೆ ಇವರ ಸರದಿ. ಜೋನ್ಸ್ ಸತ್ತ ತಂಡಕ್ಕೆ ಜೀವ ತುಂಬಿದರು, ಅದನ್ನು ಒಪ್ಪಿಕೊಳ್ಳಬೇಕು. 2015 ಮತ್ತು 2016ರಲ್ಲಿ ತಲಾ 9 ಪಂದ್ಯ ಗೆದ್ದರು. ಆದರೆ ಅವರಿಗೆ ಘೋಷಣೆಗಳ ಹುಚ್ಚು. 2016ರಲ್ಲಿ ಕೈಗೆಟಕಿದ್ದ ವಿಭಾಗದ ಪ್ರಶಸ್ತಿ ತಪ್ಪಿದಾಗ, ನಮ್ಮ ಹುಡುಗರು ‘ಬದುಕಿನ ಚಾಂಪಿಯನ್ನರು’ ಅಂದರು. ಆ ಮಾತು ಅವರನ್ನು ಕೊನೆವರೆಗೂ ಬಿಡಲಿಲ್ಲ. 2017ರಲ್ಲಿ ಎದುರಾಳಿಯಿಂದ ಚೆಂಡು ಕಿತ್ತುಕೊಂಡರೆ ಅದನ್ನು ಸೈಡ್‌ಲೈನ್‌ನಲ್ಲಿಟ್ಟ ಕಸದ ಡಬ್ಬಿಗೆ ಹಾಕಿ ಸಂಭ್ರಮಿಸುವ ಪದ್ಧತಿ ಬಂತು. ಸೋಲುತ್ತಿರುವ ತಂಡ ಕ್ಯಾಮೆರಾ ಮುಂದೆ ಕಸದ ಡಬ್ಬಿ ಇಟ್ಟುಕೊಂಡರೆ ಜನ ಸುಮ್ನೆ ಇರ್ತಾರಾ? ಮಿಸೌರಿ ಎದುರು 50-17ರ ಸೋಲಿನ ಮಾರನೇ ದಿನ, ನವೆಂಬರ್ 12ಕ್ಕೆ, ಜೋನ್ಸ್ ವಜಾ. ಸುಮಾರು 82 ಲಕ್ಷ ಡಾಲರ್ ಬಾಕಿ. ಆ ವರ್ಷ ತಂಡ 8 ಪಂದ್ಯ ಸೋತಿತು. ಶತಮಾನ ದಾಟಿದ ಇತಿಹಾಸದಲ್ಲಿ ಅದೇ ಮೊದಲು.

ಈಗ ಆ ಭಾನುವಾರಕ್ಕೆ ಬರೋಣ. ಶಿಯಾನೊ 1990ರ ದಶಕದಲ್ಲಿ ಪೆನ್ ಸ್ಟೇಟ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಅಲ್ಲೇ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಜೈಲು ಸೇರಿದ ಮನುಷ್ಯ. ಶಿಯಾನೊಗೂ ಅದು ಗೊತ್ತಿತ್ತು ಅಂತ ಇನ್ನೊಬ್ಬರು ಹೇಳಿದ್ದನ್ನು ಕೇಳಿದ್ದೆ ಎಂದು ಮತ್ತೊಬ್ಬ ಸಹಾಯಕ ಕೋಚ್ ಕೊಟ್ಟ ಹೇಳಿಕೆ 2016ರಲ್ಲಿ ಬಹಿರಂಗವಾಗಿತ್ತು. ಶಿಯಾನೊ ಇದನ್ನು ಪೂರ್ತಿ ಅಲ್ಲಗಳೆದರು. ಅವರ ಮೇಲೆ ಯಾವ ಕೇಸೂ ಆಗಲಿಲ್ಲ. ಬಂಡೆ ಮೇಲೆ ಬರೆದವರಿಗೆ ಮಾತ್ರ ಅದು ಸಾಬೀತಾದ ಸತ್ಯ. ಆ ಸಿಟ್ಟಿನಲ್ಲಿ ಮಕ್ಕಳ ಮೇಲಿನ ಕಾಳಜಿ ಎಷ್ಟು, ಗ್ರೂಡನ್ ಸಿಗಲಿಲ್ಲ ಅನ್ನೋ ಹೊಟ್ಟೆಯುರಿ ಎಷ್ಟು? ಎರಡೂ ಇತ್ತು ಅಂತ ನನಗನ್ನಿಸುತ್ತದೆ. ಪ್ರಮಾಣದ ಬಗ್ಗೆ ಜಗಳ ಬೇಡ. ಒಂದು ಮಾತು ನಿಜ, ಇದೇ ದಾಖಲೆ ಇದ್ದ ಗೆಲ್ಲುವ ದೊಡ್ಡ ಹೆಸರು ಬಂದಿದ್ದರೆ ಬಂಡೆ ಅಷ್ಟು ಬೇಗ ಬಣ್ಣ ಕಾಣುತ್ತಿರಲಿಲ್ಲ.

ಆಮೇಲಿನ ವಾರ ಪೂರ್ತಿ ನಾಟಕ. ವಿಶ್ವವಿದ್ಯಾಲಯದ ಕ್ರೀಡೆಗಳನ್ನೆಲ್ಲ ನೋಡಿಕೊಳ್ಳುವ ಅಥ್ಲೆಟಿಕ್ ಡೈರೆಕ್ಟರ್ ಜಾನ್ ಕರ್ರಿ ಒಬ್ಬರಾದ ಮೇಲೆ ಒಬ್ಬರ ಬಾಗಿಲು ತಟ್ಟಿದರು. ಒಕ್ಲಹೋಮ ಸ್ಟೇಟ್‌ನ ಮೈಕ್ ಗಂಡಿ, ಪರ್ಡ್ಯೂನ ಜೆಫ್ ಬ್ರಾಮ್, ಎನ್‌ಸಿ ಸ್ಟೇಟ್‌ನ ಡೇವ್ ಡೋರೆನ್. ಯಾರೂ ಬರಲಿಲ್ಲ. ಈ ವ್ಯವಹಾರದಲ್ಲಿ ಬೇರೆ ಕಡೆ ಹೆಸರು ಓಡಾಡಿದರೆ ಸಾಕು, ಇದ್ದ ಕಡೆಯೇ ಸಂಬಳ ಏರುತ್ತದೆ. ಏಜೆಂಟ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಜೊತೆಗೆ ಆತುರ ಬೇರೆ. ಆಟಗಾರರು ಸಹಿ ಹಾಕುವ ದಿನ ಅಲ್ಲಿವರೆಗೆ ಫೆಬ್ರವರಿಯಲ್ಲಿ ಇರುತ್ತಿತ್ತು. ಆ ವರ್ಷ ಮೊದಲ ಸಲ ಡಿಸೆಂಬರ್ 20ಕ್ಕೇ ಒಂದು ಅವಧಿ ಇಟ್ಟಿದ್ದರು. ಕೋಚ್ ಇಲ್ಲದೆ ಯಾವ ಹುಡುಗ ಸಹಿ ಹಾಕುತ್ತಾನೆ?

ಕೊನೆಗೆ ಕರ್ರಿ ಲಾಸ್ ಏಂಜಲೀಸ್‌ಗೆ ಹೋಗಿ ವಾಷಿಂಗ್ಟನ್ ಸ್ಟೇಟ್‌ನ ಮೈಕ್ ಲೀಚ್ ಅವರನ್ನು ಭೇಟಿ ಮಾಡಿದರು. ಲೀಚ್ ವಿಚಿತ್ರ ಮನುಷ್ಯ. ಕಡಲ್ಗಳ್ಳರ ಬಗ್ಗೆ, ಮದುವೆ ಖರ್ಚಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವರು. ಆಟದಲ್ಲಿ ಮಾತ್ರ ಒಂದೇ ಮಂತ್ರ: ಚೆಂಡು ಎಸೆ, ಮತ್ತೆ ಎಸೆ. ಅವರ ಈ ‘ಏರ್ ರೇಡ್’ ಶೈಲಿ ಆ ಕಾಲದ ಟೆನೆಸಿಗೆ ಸರಿಹೊಂದುವ ಮದ್ದು ಅಂತ ನನ್ನ ಲೆಕ್ಕ. ವಿಶ್ವವಿದ್ಯಾಲಯದ ಲೆಕ್ಕ ಬೇರೆ ಇತ್ತು. ಕರ್ರಿಯನ್ನು ವಾಪಸ್ ಕರೆಸಿದರು, ಡಿಸೆಂಬರ್ 1ಕ್ಕೆ ಅಮಾನತು ಮಾಡಿದರು. ಅದೇ ದಿನ ಅವರ ಕುರ್ಚಿಗೆ ಬಂದವರು ಯಾರು ಗೊತ್ತಾ? ಫಿಲ್ ಫುಲ್ಮರ್! ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಫುಲ್ಮರ್ ಆರಿಸಿದ್ದು ಅಲಬಾಮಾದ ಡಿಫೆನ್ಸ್ ಕೋಚ್ ಜೆರೆಮಿ ಪ್ರೂಯಿಟ್ ಅವರನ್ನು. ಜೋನ್ಸ್ ಬರೀ ಮಾತು ಅಂದಿದ್ದಕ್ಕೆ ಈ ಸಲ ಮಾತೇ ಕಡಿಮೆ ಇರುವ ಹಳ್ಳಿ ಗಟ್ಟಿಗ. 2019ರ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಸ್ಟೇಟ್ ಎಂಬ ಸಣ್ಣ ತಂಡದ ಕೈಲಿ 38-30ರ ಸೋಲು. ಒಟ್ಟು 16 ಗೆಲುವು, 19 ಸೋಲು. ಆದರೆ ಅವರು ಹೋದದ್ದು ಸೋಲಿಗಲ್ಲ. ಆಟಗಾರರನ್ನು ಸೆಳೆಯಲು ನಿಯಮ ಮುರಿದ ಆರೋಪದ ಮೇಲೆ 2021ರ ಜನವರಿ 18ಕ್ಕೆ ವಜಾ. ಫುಲ್ಮರ್ ಕೂಡ ಅದೇ ದಿನ ನಿವೃತ್ತಿ ಘೋಷಿಸಿದರು. 2023ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 18 ಗಂಭೀರ ಉಲ್ಲಂಘನೆಗಳನ್ನು ಎತ್ತಿಹಿಡಿದು 80 ಲಕ್ಷ ಡಾಲರ್ ದಂಡ ಹಾಕಿತು.

ಹೊಸ ಅಥ್ಲೆಟಿಕ್ ಡೈರೆಕ್ಟರ್ ಡ್ಯಾನಿ ವೈಟ್ ಈ ಸಲ ಯಾರ ಮಾತಿಗೂ ಕಾಯಲಿಲ್ಲ. ತಾವು ಫ್ಲಾರಿಡಾದ ಯುಸಿಎಫ್ ವಿಶ್ವವಿದ್ಯಾಲಯದಲ್ಲಿದ್ದಾಗ ತಾವೇ ನೇಮಿಸಿದ್ದ ಜಾಶ್ ಹೈಪಲ್ ಅವರನ್ನು ಜನವರಿ 27ಕ್ಕೆ ಕರೆತಂದರು. ಊರಿನ ಪ್ರತಿಕ್ರಿಯೆ ‘ಅಷ್ಟೇನಾ?’ ಅನ್ನುವಂತಿತ್ತು. ತನ್ನ ಕೆಳಗಿದ್ದವನನ್ನೇ ತಂದ, ಹುಡುಕಿದ್ದು ಏನು ಅಂತ ಗೊಣಗಿದರು. ಬಂಡೆ ಹತ್ತಿರ ಗಲಾಟೆಯಂತೂ ಆಗಲಿಲ್ಲ. ಸುಸ್ತಾಗಿತ್ತು ಅಂತ ಕಾಣುತ್ತೆ.

ಈ ಹೈಪಲ್ ಯಾರು? ಒಕ್ಲಹೋಮ ತಂಡ 2000ದಲ್ಲಿ ರಾಷ್ಟ್ರ ಚಾಂಪಿಯನ್ ಆದಾಗ ಕ್ವಾರ್ಟರ್‌ಬ್ಯಾಕ್. ಅದಕ್ಕೂ ಮೊದಲು ಯೂಟಾದ ಒಂದು ಸಣ್ಣ ಕಾಲೇಜಿನಲ್ಲಿದ್ದ ಅವರನ್ನು ಗುರುತಿಸಿ ಒಕ್ಲಹೋಮಕ್ಕೆ ತಂದವರು, 1999ರಲ್ಲಿ ಅಲ್ಲಿ ದಾಳಿಯ ಆಟ ಕಲಿಸಿದವರು, ಮೈಕ್ ಲೀಚ್. ಮುಂಬಾಗಿಲಲ್ಲಿ ಬೇಡ ಅಂದ ಪಾಠವೇ ಮೂರು ವರ್ಷದ ಮೇಲೆ ಹಿತ್ತಿಲ ಬಾಗಿಲಿಂದ ಒಳಗೆ ಬಂತು. ಹೈಪಲ್ ಅದಕ್ಕೆ ತಮ್ಮದೇ ವೇಗ ಸೇರಿಸಿದ್ದರು. ಎದುರಾಳಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಎಸೆತ.

2022ರ ಅಕ್ಟೋಬರ್ 15ಕ್ಕೆ ಅಲಬಾಮಾ ಬಂತು. ಅವರ ವಿರುದ್ಧ ಟೆನೆಸಿ ಸತತ 15 ಸಲ ಸೋತಿತ್ತು. ಜಾಲಿನ್ ಹಯಾಟ್ ಒಬ್ಬನೇ 5 ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿ ಅಂಕ ತರುವ ಎಸೆತ) ಹಿಡಿದ. ಸ್ಕೋರು 49-49. ಕೊನೇ ಎರಡು ಸೆಕೆಂಡು. ಚೇಸ್ ಮೆಕ್‌ಗ್ರಾತ್ 40 ಗಜದಿಂದ ಒದ್ದ ಚೆಂಡು ತೂರಾಡುತ್ತಾ, ಬೀಳುತ್ತೋ ಏನೋ ಅನ್ನುವ ಹಾಗೆ ಹೋಗಿ ಕಂಬಗಳ ನಡುವೆ ಅಡ್ಡಪಟ್ಟಿ ದಾಟಿತು. 52-49. ಗ್ಯಾಲರಿ ಪೂರ್ತಿ ಮೈದಾನಕ್ಕೆ ಇಳಿಯಿತು. ಗೋಲ್ ಕಂಬ ಕಿತ್ತರು, ಹೆಗಲ ಮೇಲೆ ಹೊತ್ತುಕೊಂಡು ಬೀದಿ ದಾಟಿ ಟೆನೆಸಿ ನದಿಗೆ ಎಸೆದರು.

ಮುಂದಿನ ಪಂದ್ಯಕ್ಕೆ ಕಂಬ ಬೇಕಿತ್ತು. ಮೂವರು ಕೋಚ್‌ಗಳನ್ನು ಮನೆಗೆ ಕಳಿಸೋಕೆ ಸುಮಾರು 2 ಕೋಟಿ ಡಾಲರ್ ಒಪ್ಪಿಕೊಂಡಿದ್ದ ವಿಶ್ವವಿದ್ಯಾಲಯ, ಎರಡು ಕಂಬದ ಖರ್ಚಿಗೆ ಒಂದೂವರೆ ಲಕ್ಷ ಡಾಲರ್ ಕೊಡಿ ಅಂತ ಆನ್‌ಲೈನ್‌ನಲ್ಲಿ ಅಭಿಮಾನಿಗಳ ಮುಂದೆ ಕೈಚಾಚಿತು. ಅವರು ಕೊಟ್ಟೂ ಬಿಟ್ಟರು.