ಏಡಿ ಮರಳಿನೊಳಗೆ ಹೋಗಿದೆ, ಹೊಸ ಚಿಪ್ಪು ಕೊಡಬೇಕೇ?

ಪ್ರಶ್ನೆ: ನಮ್ಮ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಮೂರು ವಾರಗಳಿಂದ ಮರಳಿನೊಳಗೆ ಹೂತುಕೊಂಡಿದೆ, ಮೇಲೆ ಬಂದೇ ಇಲ್ಲ. ಚಿಪ್ಪು ಬದಲಿಸುವ ಕಾಲ ಬಂದಿರಬೇಕು. ಅಗೆದು ಹೊರತೆಗೆದು ಹೊಸ ಚಿಪ್ಪಿನ ಪಕ್ಕದಲ್ಲಿ ಇಡಬಹುದೇ? ಎಷ್ಟು ದೊಡ್ಡ ಚಿಪ್ಪು ಕೊಡಬೇಕು?

ಉತ್ತರ: ಅಗೆಯಬೇಡಿ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದವರು ಇದೊಂದು ಮಾತನ್ನು ನೆನಪಿಟ್ಟುಕೊಂಡರೂ ಸಾಕು.

ಪುರುಸೊತ್ತಿರುವವರಿಗೆ ಹೇಳಬೇಕಾದದ್ದು ಇಷ್ಟು: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಪದೇ ಪದೇ ಬರುತ್ತದೆ, ಮತ್ತು ಪ್ರತಿ ಸಲವೂ ಅದರ ಬುಡದಲ್ಲಿ ಒಂದೇ ತಪ್ಪು ತಿಳಿವಳಿಕೆ ಇರುತ್ತದೆ. ಚಿಪ್ಪು ಬದಲಿಸುವುದೂ ಪೊರೆ ಕಳಚುವುದೂ ಒಂದೇ ಎಂಬ ನಂಬಿಕೆ ಅದು. ಹಾವು ಪೊರೆ ಬಿಡುವಂತೆಯೇ ಏಡಿ ಹಳೆಯ ಚಿಪ್ಪನ್ನು ಬಿಟ್ಟು ಹೊಸದಕ್ಕೆ ಸೇರುತ್ತದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ಏಡಿ ಪೊರೆ ಬಿಡುತ್ತದೆ ಎಂಬುದು ನಿಜ. ಆದರೆ ಆ ಪೊರೆ, ಅದು ಬೆನ್ನ ಮೇಲೆ ಹೊತ್ತಿರುವ ಚಿಪ್ಪಲ್ಲ.

ಬೆನ್ನ ಮೇಲಿನ ಚಿಪ್ಪು ಏಡಿಯದ್ದೇ ಅಲ್ಲ. ಯಾವುದೋ ಬಸವನಹುಳು ತನ್ನ ಮೈಯಿಂದ ಸುಣ್ಣದ ಅಂಶವನ್ನು ಸ್ರವಿಸಿ, ಸುತ್ತಿನ ಮೇಲೆ ಸುತ್ತು ಕಟ್ಟಿಕೊಂಡ ಚಿಪ್ಪು ಅದು. ಹುಳು ಸತ್ತು ಖಾಲಿಯಾದ ಮೇಲೆ ಏಡಿಯ ಪಾಲಿಗೆ ಬಂದಿದೆ. ಅದರಲ್ಲಿ ಏಡಿಯ ರಕ್ತವಿಲ್ಲ, ನರವಿಲ್ಲ. ಏಡಿ ಎಷ್ಟು ಬೆಳೆದರೂ ಅದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಏಡಿಯ ಸ್ವಂತ ಕವಚ ಬೇರೆಯೇ ಇದೆ: ಕಾಲು, ಕೊಂಡಿ, ಕಣ್ಣಿನ ಕಾಂಡ, ಮೀಸೆ, ಎದೆ ಇವೆಲ್ಲವನ್ನೂ ಹೊದ್ದಿರುವ, ಕೈಟಿನ್ ಎಂಬ ಗಡಸು ವಸ್ತು ಮತ್ತು ಸುಣ್ಣದ ಅಂಶದಿಂದ ಗಟ್ಟಿಯಾದ ಹೊರಕವಚ. ಹೊಟ್ಟೆಯ ಭಾಗ ಮಾತ್ರ ಮೆತ್ತಗಿದ್ದು, ಬಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ತುದಿಯಲ್ಲಿರುವ ಪುಟ್ಟ ಕೊಕ್ಕೆಗಳಿಂದ ಏಡಿ ಚಿಪ್ಪಿನ ನಡುಗಂಬವನ್ನು ಒಳಗಿನಿಂದ ಹಿಡಿದುಕೊಂಡಿರುತ್ತದೆ. ಆ ಹಿಡಿತ ಎಷ್ಟು ಬಿಗಿಯೆಂದರೆ, ಬಲವಂತವಾಗಿ ಎಳೆದರೆ ಏಡಿಯ ಮೈ ಹರಿದೀತೇ ಹೊರತು ಚಿಪ್ಪು ಬಿಡುವುದಿಲ್ಲ. ಹಾಗೆ ಎಳೆದವರ ಪತ್ರಗಳೂ ಬಂದಿವೆ. ಅವುಗಳಿಗೆ ಕೊಡಬಹುದಾದ ಉತ್ತರವೇ ಇರುವುದಿಲ್ಲ.

ಈಗ ಎರಡು ಕೆಲಸಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ಚಿಪ್ಪು ಬದಲಾವಣೆ ಮರಳಿನ ಮೇಲೆ, ಕಣ್ಣೆದುರಿಗೇ ನಡೆಯುತ್ತದೆ. ಏಡಿ ಖಾಲಿ ಚಿಪ್ಪಿನ ಹತ್ತಿರ ಬಂದು, ಅದನ್ನು ಕಾಲುಗಳಿಂದ ಹಿಡಿದು ಹೊರಳಿಸಿ, ಮೈಯೆಲ್ಲ ಸವರಿ, ಬಾಯೊಳಗೆ ಕೊಂಡಿ ತೂರಿಸಿ ಆಳ ನೋಡುತ್ತದೆ. ಒಳಗೆ ಮರಳಿದ್ದರೆ ಬುಡ ಮೇಲು ಮಾಡಿ ಉದುರಿಸುತ್ತದೆ. ಇಷ್ಟೆಲ್ಲ ಪರೀಕ್ಷೆ ಎಷ್ಟೋ ಹೊತ್ತು ನಡೆದರೂ ಕೊನೆಯ ಜಿಗಿತ ಒಂದೆರಡು ಕ್ಷಣದ್ದು: ನಸುಗೆಂಪು ಹೊಟ್ಟೆ ಹಳೆಯದರಿಂದ ಹೊರಬಂದದ್ದು ಕಾಣುವಷ್ಟರಲ್ಲಿ ಹೊಸದರೊಳಗೆ ಸೇರಿಬಿಟ್ಟಿರುತ್ತದೆ. ಒಗ್ಗದಿದ್ದರೆ ಮತ್ತೆ ಹಳೆಯದಕ್ಕೇ ಮರಳುವುದೂ ಉಂಟು.

ಪೊರೆ ಕಳಚುವುದು ಮರಳಿನ ಕೆಳಗೆ, ಕತ್ತಲಲ್ಲಿ, ವಾರಗಟ್ಟಲೆ ನಡೆಯುವ ಕೆಲಸ. ಅದಕ್ಕೂ ಮುಂಚೆ ಏಡಿ ಚೆನ್ನಾಗಿ ತಿಂದು, ನೀರು ಕುಡಿದು, ಮೈಯಲ್ಲಿ ಸಂಗ್ರಹ ಮಾಡಿಕೊಂಡು, ಒದ್ದೆ ಮರಳಿನಲ್ಲಿ ಒಂದು ಗೂಡು ತೋಡಿಕೊಳ್ಳುತ್ತದೆ. ಹೊತ್ತ ಚಿಪ್ಪನ್ನು ಹೊತ್ತುಕೊಂಡೇ ಅಲ್ಲಿಗೆ ಇಳಿಯುತ್ತದೆ, ಪೊರೆ ಕಳಚುವಾಗಲೂ ಅದನ್ನು ಬಿಡುವುದಿಲ್ಲ. ಕಳಚಿದಾಗ ಕಾಲುಗಳ, ಕೊಂಡಿಗಳ, ಕಣ್ಣುಗಳ ಹೊದಿಕೆಯೆಲ್ಲ ಬರುತ್ತದೆ. ಜಠರದ ಒಳಪದರವೂ ಬರುತ್ತದೆ. ಹಿಂದೆ ಕಳೆದುಕೊಂಡಿದ್ದ ಕಾಲು ಮತ್ತೆ ಮೂಡುವುದೂ ಈ ಹಂತದಲ್ಲಿಯೇ. ಆಗ ಏಡಿಯ ಮೈ ಮುಟ್ಟಿದರೆ ತಗ್ಗುವಷ್ಟು ಮೆತ್ತಗಿರುತ್ತದೆ. ಕಳಚಿದ ಪೊರೆಯನ್ನು ಅದು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಿಂದು, ಅದರ ಸುಣ್ಣದಿಂದ ಹೊಸ ಕವಚವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಪುಟ್ಟ ಏಡಿಗೆ ಕೆಲವು ವಾರ ಸಾಕಾದೀತು. ದೊಡ್ಡದಕ್ಕೆ 2–3 ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಹೀಗಿರುವಾಗ ಅಗೆದು ತೆಗೆದರೆ ಗೂಡು ಕುಸಿಯುತ್ತದೆ, ತಿನ್ನಬೇಕಾದ ಪೊರೆ ಮರಳಲ್ಲಿ ಬೆರೆತುಹೋಗುತ್ತದೆ, ಮೆತ್ತನೆಯ ಮೈಗೆ ಗಾಯವಾಗುತ್ತದೆ.

ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಒಂದು ಕಾರಣವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಪೊರೆ ಕಳಚಿ ಮೇಲೆ ಬಂದ ಏಡಿ ಮೊದಲಿಗಿಂತ ತುಸು ದೊಡ್ಡದಾಗಿರುವುದರಿಂದ, ಹಲವು ಸಲ ಬಂದ ಕೆಲವೇ ದಿನಗಳಲ್ಲಿ ಹೊಸ ಚಿಪ್ಪು ಹುಡುಕುತ್ತದೆ. ಒಂದರ ಹಿಂದೆ ಒಂದು ನಡೆದದ್ದನ್ನು ಕಂಡವರು ಎರಡೂ ಒಂದೇ ಎಂದುಕೊಳ್ಳುತ್ತಾರೆ. ಆದ್ದರಿಂದ ನೀವು ಮಾಡಬೇಕಾದದ್ದು ಅಗೆಯುವುದಲ್ಲ. ಅದು ಮೇಲೆ ಬರುವ ಹೊತ್ತಿಗೆ ಒಳ್ಳೆಯ ಚಿಪ್ಪುಗಳು ಸಿದ್ಧವಿರುವಂತೆ ನೋಡಿಕೊಳ್ಳುವುದು. ಸತ್ತಿರಬಹುದೇ ಎಂಬ ಅನುಮಾನ ಬಂದರೆ ಮೂಗನ್ನು ನಂಬಿ. ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ. ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಸುಮ್ಮನಿರಿ.

ಇನ್ನು ಅಳತೆಯ ಮಾತು. ನೋಡಬೇಕಾದದ್ದು ಚಿಪ್ಪಿನ ಉದ್ದವನ್ನಲ್ಲ, ಅದರ ಬಾಯಿಯನ್ನು. ಏಡಿಯ ದೊಡ್ಡ ಕೊಂಡಿ ಎಷ್ಟು ಅಗಲವಿದೆಯೋ ಅದಕ್ಕಿಂತ ತುಸು ಅಗಲವಾದ ಬಾಯಿ ಇರಬೇಕು. ಏಕೆಂದರೆ ಒಳಗೆ ಸರಿದ ಏಡಿ ಆ ಕೊಂಡಿಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಪೂರ್ತಿ ಒಳಗೆ ಸರಿಯಲಾಗದೆ ಕಾಲುಗಳು ಹೊರಗುಳಿದರೆ ಚಿಪ್ಪು ಚಿಕ್ಕದಾಗಿದೆ ಎಂದರ್ಥ. ಬೆಳೆಯಲಿ ಎಂದು ಎರಡರಷ್ಟು ದೊಡ್ಡದನ್ನು ಕೊಡುವುದೂ ವ್ಯರ್ಥ, ಹೊರಲಾರದ ಭಾರವನ್ನು ಏಡಿ ಆರಿಸಿಕೊಳ್ಳುವುದಿಲ್ಲ. ಆಕಾರದಲ್ಲೂ ಜಾತಿಗೊಂದು ರುಚಿ: ಕೆರಿಬಿಯನ್ ಮೂಲದ ಕೊಯೆನೊಬಿಟ ಕ್ಲಿಪಿಯೇಟಸ್ ಟರ್ಬೊ ಎಂಬ ಕಡಲ ಬಸವನಹುಳುವಿನ ದುಂಡು ಬಾಯಿಯ ಚಿಪ್ಪುಗಳನ್ನು ಇಷ್ಟಪಟ್ಟರೆ, ಪೆಸಿಫಿಕ್ ತೀರದ ಕೊಯೆನೊಬಿಟ ಕಂಪ್ರೆಸಸ್ ನೆರೈಟ್ ಎಂಬ ಇನ್ನೊಂದು ಬಸವನಹುಳುವಿನ ಅರ್ಧಚಂದ್ರದಂಥ ಬಾಯಿಯ ಚಿಪ್ಪಿನತ್ತ ಹೋಗುತ್ತದೆ. ಒಂದು ಏಡಿಗೆ ಕನಿಷ್ಠ ಮೂರು ನಾಲ್ಕು ಚಿಪ್ಪುಗಳನ್ನಿಡಿ. ಆರಿಸುವ ಹಕ್ಕು ಅದರದ್ದು. ಇಡುವ ಮೊದಲು ಸೋಪು ಮುಟ್ಟಿಸದೆ ನೀರಿನಲ್ಲಿ ಕುದಿಸಿ, ಒಳಗೆ ನಿಂತ ಬಿಸಿನೀರನ್ನು ಪೂರ್ತಿ ಬಸಿದು ಆರಿಸಿ. ಬಣ್ಣ ಬಳಿದ ಚಿಪ್ಪು ಬೇಡವೇ ಬೇಡ, ಅದರ ಮೇಲೆ ಚಿತ್ರ ಎಷ್ಟು ಚೆನ್ನಾಗಿದ್ದರೂ. ಬಣ್ಣ ಚೂರುಚೂರಾಗಿ ಏಳುತ್ತದೆ, ಏಡಿ ಅದನ್ನು ಕೆರೆದು ತಿನ್ನುತ್ತದೆ.

ಉಳಿದ ಆರೈಕೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ನೆಲದ ಮೇಲೆ ಬದುಕಿದರೂ ಈ ಏಡಿ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದ. ಅವು ಒಣಗಿದರೆ ಏಡಿ ಮೆಲ್ಲಗೆ ಉಸಿರುಗಟ್ಟಿ ಸಾಯುತ್ತದೆ. ಆದ್ದರಿಂದ ಜಾಲರಿಯ ಪಂಜರ ಆಗದು. ಮುಚ್ಚಳವಿರುವ ಗಾಜಿನ ತೊಟ್ಟಿಯಲ್ಲಿ ಗಾಳಿಯ ತೇವಾಂಶ ಶೇಕಡ 75ರಿಂದ 85, ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕು. ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಕನಿಷ್ಠ 15 ಸೆಂಟಿಮೀಟರ್ ಆಳಕ್ಕೆ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಒದ್ದೆ ಮಾಡಿ. ಕ್ಲೋರಿನ್ ತೆಗೆದ ಸಿಹಿನೀರು ಒಂದು ಬಟ್ಟಲಲ್ಲಿ, ಅಕ್ವೇರಿಯಂಗೆ ಬಳಸುವ ಸಮುದ್ರದ ಉಪ್ಪು ಬೆರೆಸಿದ ನೀರು ಇನ್ನೊಂದರಲ್ಲಿ ಇರಲಿ. ಅಡುಗೆ ಉಪ್ಪು ಅದಕ್ಕೆ ಬದಲಿಯಲ್ಲ.

ಯಾರೂ ನೇರವಾಗಿ ಕೇಳದ ಇನ್ನೊಂದು ಪ್ರಶ್ನೆಗೂ ಇಲ್ಲಿ ಉತ್ತರ ಹೇಳಬೇಕು ಅನ್ನಿಸುತ್ತಿದೆ. ಸಾಕುವವರಿಲ್ಲದ ಕಡಲತೀರದಲ್ಲಿ ಇವುಗಳಿಗೆ ಚಿಪ್ಪು ತಂದುಕೊಡುವವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಇನ್ನೊಂದು ಏಡಿಯೇ. ದೊಡ್ಡದೊಂದು ಖಾಲಿ ಚಿಪ್ಪು ಸಿಕ್ಕಿದಾಗ ಏಡಿಗಳು ಗಾತ್ರದ ಕ್ರಮದಲ್ಲಿ ಸಾಲುಗಟ್ಟಿ ನಿಲ್ಲುವುದುಂಟು. ಮೊದಲನೆಯದು ಹೊಸದಕ್ಕೆ ಸೇರುತ್ತಲೇ ಅದು ಬಿಟ್ಟದ್ದಕ್ಕೆ ಎರಡನೆಯದು, ಎರಡನೆಯದು ಬಿಟ್ಟದ್ದಕ್ಕೆ ಮೂರನೆಯದು ಸೇರುತ್ತಾ ಹೋಗುತ್ತದೆ. ಕೋಸ್ಟರಿಕದ ತೀರದಲ್ಲಿ ಕಂಪ್ರೆಸಸ್ ಏಡಿಗಳನ್ನು ಅಧ್ಯಯನ ಮಾಡಿದ ಜೀವವಿಜ್ಞಾನಿ ಮಾರ್ಕ್ ಲೈಡ್ರೆ ತೋರಿಸಿದಂತೆ, ಅವು ಚಿಪ್ಪಿನ ಒಳಗೋಡೆಯನ್ನೂ ನಡುಗಂಬವನ್ನೂ ಸವೆಸಿ, ಬಾಯಿ ಅಗಲ ಮಾಡಿ, ಚಿಪ್ಪನ್ನು ಹಗುರವೂ ವಿಶಾಲವೂ ಮಾಡಿಕೊಳ್ಳುತ್ತವೆ. ಹೀಗೆ ಹದಗೊಂಡ ಚಿಪ್ಪು ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಯಿಸುತ್ತದೆ. ಸತ್ತ ಏಡಿಯ ವಾಸನೆಗೆ ಇತರ ಏಡಿಗಳು ಓಡಿ ಬರುವುದೂ ಇದೇ ಕಾರಣಕ್ಕೆ. ಅಲ್ಲೊಂದು ಚಿಪ್ಪು ಖಾಲಿಯಾಗಿದೆ ಎಂಬ ಸುದ್ದಿ ಅದು. ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳಲ್ಲಿ ಮತ್ತು ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ ಬಾಟಲಿಯೊಳಗೆ ಜಾರಿಬಿದ್ದು ಸತ್ತ ಒಂದು ಏಡಿಯ ವಾಸನೆಗೆ ಇನ್ನೊಂದು, ಅದರ ವಾಸನೆಗೆ ಮತ್ತೊಂದು ಬಂದು ಸಿಕ್ಕಿಕೊಂಡು, ಸುಮಾರು 5,70,000 ಸನ್ಯಾಸಿ ಏಡಿಗಳು ಪ್ಲಾಸ್ಟಿಕ್ ಕಸಕ್ಕೆ ಬಲಿಯಾಗಿವೆ ಎಂದು 2019ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ಮನೆಯ ತೊಟ್ಟಿಗೂ ಇದು ಅನ್ವಯಿಸುತ್ತದೆ. ಒಂದು ಏಡಿ ಸತ್ತರೆ ಅದನ್ನು ಬೇಗ ಹೊರತೆಗೆಯಿರಿ, ಇಲ್ಲವಾದರೆ ಉಳಿದವು ಆ ಚಿಪ್ಪಿಗಾಗಿ ಅದರ ಸುತ್ತ ಮುಗಿಬೀಳುತ್ತವೆ. ಆದರೆ ಚಿಪ್ಪನ್ನು ಎಸೆಯಬೇಡಿ. ಬದುಕಿರುವ ಏಡಿ ಬಿಟ್ಟುಹೋದ ಹಳೆಯ ಚಿಪ್ಪನ್ನೂ ಹಾಗೆಯೇ ಕುದಿಸಿ ತೊಟ್ಟಿಗೆ ಮರಳಿಸಿ. ನೀವು ಆರಿಸಿ ತಂದ ಹೊಳೆಯುವ ಹೊಸ ಚಿಪ್ಪುಗಳನ್ನು ಬಿಟ್ಟು ಚಿಕ್ಕ ಏಡಿ ಅದನ್ನೇ ಹಿಡಿದುಕೊಂಡರೆ ಬೇಸರಿಸಿಕೊಳ್ಳಬೇಡಿ.