‘ಇದ್ದಿದ್ದರೆ ಕೊಡುತ್ತಿದ್ದೆ’: ಇಂಗ್ಲಿಷಿನ ಇಫ್ ವಾಕ್ಯಗಳಿಗೆ ಕನ್ನಡದ ದಾರಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗ್‌ನಲ್ಲಿ ನಾನು ಹೀಗೆ ಹೇಳಿದೆ: “ಇಫ್ ಯು ಟೋಲ್ಡ್ ಮಿ ಯೆಸ್ಟರ್‌ಡೇ, ಐ ವಾಸ್ ಫಿನಿಶಿಂಗ್ ಇಟ್.” ಎದುರಿಗಿದ್ದವರು ಎರಡು ಸೆಕೆಂಡ್ ಸುಮ್ಮನಿದ್ದು, “ಅಂದರೆ ಕೆಲಸ ನಡೀತಾ ಇತ್ತಾ?” ಎಂದು ಕೇಳಿದರು. ನಡೆಯುತ್ತಿರಲಿಲ್ಲ. ನಾನು ಶುರುವೇ ಮಾಡಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ‘ನಿನ್ನೆ ಹೇಳಿದ್ದಿದ್ದರೆ ಮುಗಿಸುತ್ತಿದ್ದೆ’ ಅನ್ನುವ ವಾಕ್ಯ. ಅದನ್ನೇ ಪದಕ್ಕೆ ಪದ ಜೋಡಿಸಿ ಇಟ್ಟಿದ್ದೆ.

ಇಫ್ ವಾಕ್ಯಗಳು ನನಗೆ ಗೊತ್ತಿರಲಿಲ್ಲ ಅಂತಲ್ಲ. ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡೀಷನಲ್ ಎಂದು ನಾಲ್ಕನ್ನೂ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಮಾರ್ಕ್ಸೂ ಬಂದಿತ್ತು. ಆದರೆ ಮಾತಾಡುವಾಗ ‘ಇದು ಸೆಕೆಂಡಾ, ಥರ್ಡಾ’ ಎಂದು ಯೋಚಿಸಲು ಯಾರು ಬಿಡುತ್ತಾರೆ? ಹಾಗಾಗಿ ಆ ನಂಬರುಗಳನ್ನು ಪಕ್ಕಕ್ಕಿಟ್ಟು, ನಮ್ಮ ‘ದರೆ’ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಶುರುಮಾಡಿದೆ. ಈ ಟಿಪ್ಪಣಿ ಅಲ್ಲಿಂದ ಹುಟ್ಟಿದ್ದು.

ಇಫ್ ಆದ ಮೇಲೆ ವಿಲ್ ಯಾಕೆ ಬರುವುದಿಲ್ಲ?

‘ಬಂದರೆ’ ಎಂಬ ಪದವನ್ನು ಬಿಡಿಸಿ ನೋಡಿ. ಒಳಗಿರುವುದು ‘ಬಂದ’. ಹೋದ, ತಿಂದ, ಮಾಡಿದ ಇವೆಲ್ಲ ಆಗಿಹೋದ ಕಾಲದ ರೂಪಗಳು. ಆದರೂ ‘ನಾಳೆ ಮಳೆ ಬಂದರೆ’ ಎಂದಾಗ ಯಾರೂ ನಿನ್ನೆಯ ಮಳೆಯನ್ನು ನೆನೆಯುವುದಿಲ್ಲ. ‘ನಾಳೆ ಮಳೆ ಬರುತ್ತರೆ’ ಎಂದು ಯಾರಾದರೂ ಹೇಳಿದರೆ ನಮಗೆ ನಗು ಬರುತ್ತದೆ, ಅಲ್ವಾ? “ಇಫ್ ಇಟ್ ವಿಲ್ ರೇನ್ ಟುಮಾರೋ” ಎಂದರೆ ಇಂಗ್ಲಿಷ್ ಕಿವಿಗೆ ಹೆಚ್ಚುಕಮ್ಮಿ ಅಷ್ಟೇ ವಿಚಿತ್ರವಾಗಿ ಕೇಳುತ್ತದೆ. ಷರತ್ತಿನ ಭಾಗದಲ್ಲಿ ಭವಿಷ್ಯದ ರೂಪ ಇಡುವ ರೂಢಿ ಎರಡೂ ಭಾಷೆಯಲ್ಲಿ ಇಲ್ಲ. ‘ಬರುತ್ತರೆ’ ನೆನಪಿದ್ದರೆ ಸಾಕು, ವಿಲ್ ತಾನಾಗಿಯೇ ಉದುರಿಹೋಗುತ್ತದೆ: “ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಸ್ಟೇ ಹೋಮ್.”

(“ಇಫ್ ಯು ವಿಲ್ ವೇಟ್ ಎ ಮಿನಿಟ್” ಎಂದು ಕೇಳಿರಬಹುದು. ಅಲ್ಲಿ ವಿಲ್ ಅಂದರೆ ನಾಳೆಯಲ್ಲ, ‘ದಯವಿಟ್ಟು ಕಾಯುವಿರಾ’ ಎಂಬ ವಿನಯ. ಸದ್ಯಕ್ಕೆ ಮರೆತುಬಿಡಿ.)

ಯಾವಾಗಲೂ ಆಗುವ ಸಂಗತಿಯಾದರೆ ಎರಡೂ ಕಡೆ ಸರಳ ವರ್ತಮಾನ. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆಯುತ್ತದೆ: “ಇಫ್ ಯು ಆಡ್ ಲೆಮನ್ ಜ್ಯೂಸ್ ಟು ಮಿಲ್ಕ್, ಇಟ್ ಕರ್ಡಲ್ಸ್.” ಇದರಲ್ಲಿ ಜಾಸ್ತಿ ಹೇಳುವಂಥದ್ದು ಏನೂ ಇಲ್ಲ.

ದರೆ ಬಿಡಿ, ಬಾಲ ನೋಡಿ

ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ.

ಅವನು ಬಂದಿದ್ದರೆ ಕೂರಿಸು.
ಅವನು ಬಂದಿದ್ದರೆ ಕೂರಿಸುತ್ತಿದ್ದೆ.

‘ಬಂದಿದ್ದರೆ’ ಎರಡರಲ್ಲೂ ಅದೇ. ಮೊದಲನೆಯದರಲ್ಲಿ ಅವನು ಬಂದಿರಲೂಬಹುದು, ನಮಗೆ ಗೊತ್ತಿಲ್ಲ. ಎರಡನೆಯದರಲ್ಲಿ ಅವನು ಬರಲಿಲ್ಲ, ಆ ಕಥೆ ಮುಗಿದಿದೆ. ವ್ಯತ್ಯಾಸ ಇರುವುದು ವಾಕ್ಯದ ಬಾಲದಲ್ಲಿ. ಇಂಗ್ಲಿಷ್ ಈ ವ್ಯತ್ಯಾಸವನ್ನು ಎರಡೂ ಕಡೆ ತೋರಿಸುತ್ತದೆ. ಮೊದಲನೆಯದು “ಇಫ್ ಹಿ ಹ್ಯಾಸ್ ಕಮ್, ಗಿವ್ ಹಿಮ್ ಎ ಸೀಟ್.” ಎರಡನೆಯದು “ಇಫ್ ಹಿ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಿವನ್ ಹಿಮ್ ಎ ಸೀಟ್.”

ಹಾಗಾಗಿ ನನ್ನ ಮೊದಲ ಪ್ರಶ್ನೆ ಇಷ್ಟೇ: ಕನ್ನಡದಲ್ಲಿ ಬಾಲ ‘ತ್ತೇನೆ’ಯೋ ‘ತ್ತಿದ್ದೆ’ಯೋ? ‘ಕೊಡುತ್ತೇನೆ’ ಆದರೆ ವಿಲ್. ‘ಕೊಡುತ್ತಿದ್ದೆ’ ಆದರೆ ವುಡ್. ‘ಕೊಡುತ್ತಿರಲಿಲ್ಲ’ ಆದರೆ ವುಡ್ ನಾಟ್. ನಾನು ಮೀಟಿಂಗ್‌ನಲ್ಲಿ ಎಡವಿದ್ದು ಇಲ್ಲಿಯೇ. ‘ಮುಗಿಸುತ್ತಿದ್ದೆ’ ಅನ್ನುವುದು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ನೀನು ಫೋನ್ ಮಾಡಿದಾಗ ಮುಗಿಸುತ್ತಿದ್ದೆ’ ಎಂದರೆ ನಿಜವಾಗಿ ನಡೆದ ಕೆಲಸ. ‘ಹೇಳಿದ್ದಿದ್ದರೆ ಮುಗಿಸುತ್ತಿದ್ದೆ’ ಎಂದರೆ ನಡೆಯದ ಕೆಲಸ. ಇಂಗ್ಲಿಷಿನಲ್ಲಿ ನಡೆದದ್ದಕ್ಕೆ “ವಾಸ್ ಫಿನಿಶಿಂಗ್”, ನಡೆಯದ್ದಕ್ಕೆ ವುಡ್. ನಾನು ನಡೆಯದ ಕೆಲಸಕ್ಕೆ ನಡೆದ ಕೆಲಸದ ಅಂಗಿ ತೊಡಿಸಿದ್ದೆ.

ಒಂದು ಖುಷಿಯ ಸಂಗತಿಯೂ ಇದೆ. ‘ಚಿಕ್ಕವನಿದ್ದಾಗ ದಿನಾ ಕೆರೆಗೆ ಹೋಗುತ್ತಿದ್ದೆ’ ಎನ್ನಲು ಇಂಗ್ಲಿಷಿನವರೂ “ಐ ವುಡ್ ಗೋ ಟು ದ ಲೇಕ್ ಎವ್ರಿ ಡೇ” ಎನ್ನುತ್ತಾರೆ. ಅಂದರೆ ಹಳೆಯ ರೂಢಿಗೂ ನಡೆಯದ ಸಂಗತಿಗೂ ನಮ್ಮಲ್ಲಿ ‘ತ್ತಿದ್ದೆ’ ಒಂದೇ, ಅವರಲ್ಲೂ ವುಡ್ ಒಂದೇ. ಇದು ಕಣ್ಣಿಗೆ ಬಿದ್ದ ದಿನ ವುಡ್ ಮೇಲಿನ ನನ್ನ ಭಯ ಅರ್ಧ ಇಳಿಯಿತು.

ಈಗಲಾ, ಆವತ್ತಾ?

ನಿಜವಾದ ತೊಡಕು ಇರುವುದು ಇಲ್ಲಿ. ‘ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’ ಎಂಬುದು ಯಾವಾಗಿನ ಮಾತು? ಈಗ ಜೇಬು ಖಾಲಿ ಇದೆ ಅಂತಲೂ ಆಗಬಹುದು. ಹೋದ ತಿಂಗಳು ಖಾಲಿ ಇತ್ತು ಅಂತಲೂ ಆಗಬಹುದು. ಕನ್ನಡ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ, ಉಳಿದದ್ದನ್ನು ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಆದ್ದರಿಂದ ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲೇ ‘ಈಗ’ ಅಥವಾ ‘ಆವತ್ತು’ ಎಂಬ ಪದ ಸೇರಿಸಿ.

ಈಗ ದುಡ್ಡಿದ್ದಿದ್ದರೆ ಕೊಡುತ್ತಿದ್ದೆ: “ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್.”
ಆವತ್ತು ದುಡ್ಡಿದ್ದಿದ್ದರೆ ಕೊಡುತ್ತಿದ್ದೆ: “ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್.”

ಎರಡು ಹ್ಯಾಡ್ ನೋಡಿ ಗಾಬರಿಯಾಗಬೇಡಿ, ಅದು ಅಚ್ಚಿನ ತಪ್ಪಲ್ಲ. ಮೊದಲ ಹ್ಯಾಡ್ ಸಹಾಯಕ ಕ್ರಿಯಾಪದ, ಎರಡನೆಯದು ‘ಇರುವುದು’. ನಮ್ಮ ‘ಇದ್ದಿದ್ದರೆ’ಯಲ್ಲೂ ‘ಇದ್ದ’ ಎರಡು ಸಲ ಬಂದಿಲ್ಲವೇ? ಇನ್ನು ನನ್ನ ಮೀಟಿಂಗ್ ವಾಕ್ಯದಲ್ಲಿ ‘ನಿನ್ನೆ’ ಎಂದು ಬಾಯಿಬಿಟ್ಟೇ ಹೇಳಿದ್ದೆ. ಅಲ್ಲಿಗೆ ಉತ್ತರ ಖಚಿತ: “ಇಫ್ ಯು ಹ್ಯಾಡ್ ಟೋಲ್ಡ್ ಮಿ ಯೆಸ್ಟರ್‌ಡೇ, ಐ ವುಡ್ ಹ್ಯಾವ್ ಫಿನಿಶ್ಡ್ ಇಟ್.”

ಷರತ್ತು ಆವತ್ತಿನದು, ಫಲ ಈಗಿನದು ಆಗಿದ್ದರೆ? ಎರಡು ಭಾಗಕ್ಕೂ ಬೇರೆ ಬೇರೆ ಪ್ರಶ್ನೆ ಕೇಳಿ. ‘ಆವತ್ತೇ ಡ್ರೈವಿಂಗ್ ಕಲಿತಿದ್ದಿದ್ದರೆ ಈಗ ಬಸ್ಸಿಗೆ ಕಾಯುತ್ತಿರಲಿಲ್ಲ’: “ಇಫ್ ಐ ಹ್ಯಾಡ್ ಲರ್ನ್ಡ್ ಟು ಡ್ರೈವ್, ಐ ವುಡ್ ನಾಟ್ ಬಿ ವೇಟಿಂಗ್ ಫಾರ್ ಎ ಬಸ್ ನೌ.” ಇದಕ್ಕೆ ಪುಸ್ತಕಗಳು ಮಿಕ್ಸೆಡ್ ಕಂಡೀಷನಲ್ ಎಂದು ಇನ್ನೊಂದು ಹೆಸರು ಕೊಡುತ್ತವೆ. ಹೆಸರಿಲ್ಲದೆಯೂ ಕೆಲಸ ನಡೆಯುತ್ತದೆ.

ಕನ್ನಡ ಕೈಕೊಡುವ ಜಾಗ

ಬಾಲ ನೋಡುವ ಉಪಾಯ ಒಂದು ಕಡೆ ನಡೆಯುವುದಿಲ್ಲ. ‘ಲಾಟರಿ ಹೊಡೆದರೆ ಮನೆ ಕಟ್ಟಿಸ್ತೀನಿ’ ಎನ್ನುತ್ತೇವೆ. ಬಾಲ ‘ತ್ತೀನಿ’, ಹಾಗಾಗಿ ವಿಲ್ ಹಾಕಬೇಕು ಅನ್ನಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ಹೇಳುವವನಿಗೆ ಎಷ್ಟು ನಂಬಿಕೆ ಇದೆ ಎಂಬುದರ ಮೇಲೆ ರೂಪ ಬದಲಾಗುತ್ತದೆ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು. ಇಲ್ಲಿ ಕೂತು ಲಾಟರಿ ಕನಸು ಕಾಣುವವರು “ಇಫ್ ಐ ವನ್ ದ ಲಾಟರಿ, ಐ ವುಡ್ ಬಿಲ್ಡ್ ಎ ಹೌಸ್” ಎನ್ನುವುದೇ ಸರಿ. ಗಡಿ ದಾಟಿ ಕೇರಳದಲ್ಲಿ ಟಿಕೆಟ್ ಕೊಂಡು ಜೇಬಲ್ಲಿ ಇಟ್ಟುಕೊಂಡವರು “ಇಫ್ ಐ ವಿನ್, ಐ ವಿಲ್ ಬಿಲ್ಡ್” ಎನ್ನಬಹುದು. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಎನ್ನಲು “ಇಫ್ ಐ ವರ್ ಯು”. ಮಾತಿನಲ್ಲಿ ವಾಸ್ ಕೂಡ ಕೇಳಿಸುತ್ತದೆ. ಆದರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ವರ್ ಬಳಸಿ.

ಇನ್ನೊಂದು ಗುಂಡಿ: ಎಲ್ಲ ‘ದರೆ’ಯೂ ಇಫ್ ಅಲ್ಲ. ‘ಮನೆಗೆ ಹೋದರೆ ಬಾಗಿಲಿಗೆ ಬೀಗ ಹಾಕಿತ್ತು’ ಎಂಬಲ್ಲಿ ಷರತ್ತೇ ಇಲ್ಲ, ಹೋದದ್ದು ನಿಜ. ಅದಕ್ಕೆ ವೆನ್: “ವೆನ್ ಐ ಗಾಟ್ ಹೋಮ್, ದ ಡೋರ್ ವಾಸ್ ಲಾಕ್ಡ್.” ‘ದರೂ’ ಕೂಡ ಹೀಗೆಯೇ ಎರಡು ಮುಖದ್ದು. ‘ಮಳೆ ಬಂದರೂ ಹೋದೆವು’ ಎಂದರೆ ಆಲ್ದೋ, ಮಳೆ ಬಂದಾಗಿದೆ. ‘ಮಳೆ ಬಂದರೂ ಹೋಗುತ್ತೇವೆ’ ಎಂದರೆ ಸಾಮಾನ್ಯವಾಗಿ ಈವನ್ ಇಫ್, ಮಳೆ ಇನ್ನೂ ಬಂದಿಲ್ಲ. ಇಲ್ಲೂ ಗುಟ್ಟು ಹೇಳುವುದು ಬಾಲವೇ.

ಅನ್‌ಲೆಸ್ ಬಗ್ಗೆ ಒಂದು ಮಾತು. ‘ಓದದ ಹೊರತು ಪಾಸಾಗುವುದಿಲ್ಲ’ ಎಂಬಲ್ಲಿ ‘ಓದದ’ ಅನ್ನುವುದರಲ್ಲೇ ಇಲ್ಲ ಎಂಬ ಅರ್ಥ ಇದೆ. ಅದನ್ನು ಇಂಗ್ಲಿಷಿಗೂ ಎಳೆದುಕೊಂಡು ಹೋಗಿ “ಅನ್‌ಲೆಸ್ ಯು ಡೋಂಟ್ ಸ್ಟಡಿ” ಎಂದು ಬರೆಯುತ್ತೇವೆ. ಅನ್‌ಲೆಸ್ ಒಳಗೇ ಇಲ್ಲ ಅಡಗಿದೆ, ಇನ್ನೊಂದು ಬೇಡ: “ಅನ್‌ಲೆಸ್ ಯು ಸ್ಟಡಿ, ಯು ವೋಂಟ್ ಪಾಸ್.”

ಕೇಳುವಾಗಿನ ಕಷ್ಟ ಬೇರೆಯೇ. ಹ್ಯಾಡ್, ವುಡ್ ಎರಡೂ ಮಾತಿನಲ್ಲಿ ಸವೆದು ಬರೀ ‘ಡ್’ ಆಗುತ್ತವೆ. “ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್” ಎಂದು ಕೇಳಿದರೆ ಮೊದಲ ಐಡ್ ಹ್ಯಾಡ್, ಎರಡನೆಯದು ವುಡ್. ಇಫ್ ಇರುವ ಭಾಗದಲ್ಲಿ ಬಂದದ್ದು ಹ್ಯಾಡ್ ಎಂದು ಹಿಡಿದರೆ ಸಾಕು. ಆ ‘ವುಡ್ ಹ್ಯಾವ್’ ಕೂಡ ಸವೆದು ‘ವುಡವ್’ ಎಂದು ಕೇಳಿಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರಲ್ಲೂ ಎಷ್ಟೋ ಜನ ಅದನ್ನು “ವುಡ್ ಆಫ್” ಎಂದು ತಪ್ಪಾಗಿ ಬರೆಯುತ್ತಾರೆ. ನಾವೊಬ್ಬರೇ ಎಡವುವುದಲ್ಲ ಅಂತ ಸಮಾಧಾನ.

ಕೈ ಪಳಗಿಸಲು

ಉತ್ತರ ಮುಚ್ಚಿಟ್ಟುಕೊಂಡು ಮೊದಲು ನೀವೇ ಹೇಳಿ ನೋಡಿ.

ಪಾಪು ಮಲಗಿದ್ದರೆ ಎಬ್ಬಿಸಬೇಡ. “ಇಫ್ ದ ಬೇಬಿ ಈಸ್ ಅಸ್ಲೀಪ್, ಡೋಂಟ್ ವೇಕ್ ಹಿಮ್.”

ನೀನು ಬರೋದಾದ್ರೆ ಟಿಕೆಟ್ ಬುಕ್ ಮಾಡ್ತೀನಿ. “ಇಫ್ ಯು ಆರ್ ಕಮಿಂಗ್, ಐ ವಿಲ್ ಬುಕ್ ದ ಟಿಕೆಟ್ಸ್.” ‘ಬಂದರೆ’ ಅಲ್ಲ, ‘ಬರೋದಾದ್ರೆ’ ಎಂಬುದನ್ನು ಗಮನಿಸಿ. ಅದಕ್ಕೇ ಕಮಿಂಗ್.

ಕೊನೆಯ ಬಸ್ ಸಿಕ್ಕಿದ್ದಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದೆ. “ಇಫ್ ಐ ಹ್ಯಾಡ್ ಕಾಟ್ ದ ಲಾಸ್ಟ್ ಬಸ್, ಐ ವುಡ್ ಬಿ ಹೋಮ್ ಬೈ ನೌ.”

ಅವರ ನಂಬರ್ ಇದ್ದಿದ್ದರೆ ಫೋನ್ ಮಾಡುತ್ತಿದ್ದೆ. ಇದಕ್ಕೆ ಎರಡು ಉತ್ತರ ಬಂದರೆ ಸರಿಯಾಗಿ ಹಿಡಿದಿದ್ದೀರಿ. ಒಂದೇ ಬಂದರೆ ‘ಈಗ’, ‘ಆವತ್ತು’ ಎರಡನ್ನೂ ಸೇರಿಸಿ ಇನ್ನೊಮ್ಮೆ ಓದಿ.